ಕೂಗಳತೆಯಲ್ಲಿ ಒಬ್ಬರು

ಕಳೆದ ಸಂಚಿಕೆಯಲ್ಲಿ ನಾನು ‘ಮಾತನಾಡಲು ಬಟನ್ ಫೋನ್ ಸಾಕು, ಮಿಕ್ಕಿದ್ದೆಲ್ಲ ಚಪಲ’ ಎಂದು ಬರೆದಿದ್ದೆ. ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಅದರ ಬಗ್ಗೆಯೇ. ಒಪ್ಪಿದವರಿದ್ದಾರೆ, ಜಗಳಕ್ಕೆ ನಿಂತವರೂ ಇದ್ದಾರೆ. ಅವುಗಳಲ್ಲಿ ಐದನ್ನು ಆರಿಸಿಕೊಂಡಿದ್ದೇನೆ. ಬರೆದವರ ಹೆಸರು, ಊರು ಬಿಟ್ಟಿದ್ದೇನೆ.

ಪ್ರಶ್ನೆ: ನನಗೆ ಎಪ್ಪತ್ತೊಂದು ವರ್ಷ. ಮೇಷ್ಟರಾಗಿ ನಿವೃತ್ತನಾದವನು. ಇವತ್ತಿನವರೆಗೂ ಮೊಬೈಲ್ ಇಟ್ಟುಕೊಂಡಿಲ್ಲ. ಮನೆಯಲ್ಲಿ ಸ್ಥಿರ ದೂರವಾಣಿ ಇದೆ. ‘ಈ ಕಾಲದಲ್ಲಿ ಮೊಬೈಲ್ ಇಲ್ಲದೆ ಬದುಕಲು ಆಗುವುದಿಲ್ಲ’ ಎಂದು ಮಗ ವಾದಿಸುತ್ತಾನೆ. ‘ನಾನು ಬದುಕಿಲ್ಲವೇ’ ಎನ್ನುತ್ತೇನೆ. ನೀವು ಇಪ್ಪತ್ತೊಂಬತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಮೊಬೈಲ್ ನಿಜವಾಗಿಯೂ ಅಗತ್ಯವೇ? ಹೌದು, ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿ.

ಉತ್ತರ: ಮೇಷ್ಟರೇ, ಹೌದು. ಒಂದೇ ಮಾತು ಅದು. ಆದರೆ ಅಷ್ಟಕ್ಕೆ ನಿಲ್ಲಿಸಿದರೆ ನಿಮಗೂ ಅನ್ಯಾಯ, ನನಗೂ ಸಮಾಧಾನವಿಲ್ಲ.

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ನಾನು ಹೊರಗೆ ಹೋಗಿದ್ದೆ. ಸ್ನಾನಕ್ಕೆಂದು ಹೋದ ನಮ್ಮ ಯಜಮಾನರು ಬಚ್ಚಲಿನಲ್ಲಿ ಜಾರಿ ಬಿದ್ದರು. ಸೊಂಟದ ಮೂಳೆ ಮುರಿದಿತ್ತು. ಏಳುವುದಿರಲಿ, ಮಗ್ಗುಲು ಹೊರಳಲೂ ಆಗಲಿಲ್ಲ. ಮನೆಯಲ್ಲಿ ಆಗ ಎರಡು ಫೋನುಗಳಿದ್ದವು. ನಡುಮನೆಯ ಗೂಡಿನಲ್ಲಿ ಸ್ಥಿರ ದೂರವಾಣಿ, ಮೇಜಿನ ಮೇಲೆ ಚಾರ್ಜಿಗೆ ಹಾಕಿದ್ದ ಅವರ ಮೊಬೈಲ್. ನಾನು ಹೊರಗಿನಿಂದ ಎರಡು ಸಲ ಕರೆ ಮಾಡಿದೆ. ಎರಡು ಸಲವೂ ರಿಂಗಾದದ್ದು ಬಿದ್ದಲ್ಲಿಂದಲೇ ಅವರಿಗೆ ಕೇಳಿಸಿದೆ. ನಿದ್ದೆ ಹತ್ತಿರಬೇಕು ಎಂದುಕೊಂಡು ನಾನು ಸುಮ್ಮನಾದೆ. ಅವರು ಕೈಗೆ ಸಿಕ್ಕ ಸ್ಟೀಲ್ ಚೊಂಬಿನಿಂದ ನಲ್ಲಿಯ ಕೊಳವೆಗೆ ಬಡಿಯತೊಡಗಿದರು. ಮೂರು ಏಟು, ಸ್ವಲ್ಪ ಬಿಡುವು, ಮತ್ತೆ ಮೂರು ಏಟು. ಮೇಲಿನ ಮನೆಯ ಹುಡುಗ ಮೊದಲು ಯಾರೋ ಕೊಳವೆ ರಿಪೇರಿ ಮಾಡುತ್ತಿದ್ದಾರೆ ಎಂದುಕೊಂಡನಂತೆ. ಏಟುಗಳು ಎಣಿಸಿದ ಹಾಗೆ ಬರುತ್ತಿರುವುದನ್ನು ಗಮನಿಸಿ ಇಳಿದು ಬಂದ. ಅಷ್ಟರಲ್ಲಿ ನಲವತ್ತು ನಿಮಿಷ ಕಳೆದಿತ್ತು. ಆ ಚೊಂಬಿನ ಅಂಚು ಒಂದು ಕಡೆ ನೆಗ್ಗಿ ಒಳಕ್ಕೆ ಮಡಚಿಕೊಂಡಿದೆ. ಈಗಲೂ ಅದು ಅದೇ ಬಚ್ಚಲಿನಲ್ಲಿದೆ, ಎಸೆಯಲು ನನಗೆ ಮನಸ್ಸು ಬಂದಿಲ್ಲ.

ಕೂಗಳತೆ ಎಂಬ ಮಾತನ್ನು ನೀವು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿರಬಹುದು. ಒಬ್ಬರು ಕೂಗಿದರೆ ಇನ್ನೊಬ್ಬರಿಗೆ ಕೇಳಿಸುವಷ್ಟು ದೂರ. ಕೂಗಳತೆಯಲ್ಲಿ ಒಬ್ಬರು ಇರಬೇಕು. ನನ್ನ ಪ್ರಕಾರ ಮನುಷ್ಯನ ಅಗತ್ಯ ಇದು. ಮನೆ ತುಂಬ ಜನ ಇದ್ದಾಗ ಅದಕ್ಕೆ ಯಂತ್ರ ಬೇಕಿರಲಿಲ್ಲ. ಈಗ ಮಕ್ಕಳು ಒಂದು ಕಡೆ, ನಾವು ಒಂದು ಕಡೆ, ಪಕ್ಕದ ಮನೆಯ ಬಾಗಿಲಿಗೆ ಹಗಲಿಡೀ ಬೀಗ. ಆ ಅಳತೆಯನ್ನು ಹಿಗ್ಗಿಸಲು ನಮ್ಮ ಕೈಯಲ್ಲಿರುವ ಸಾಧನ ಮೊಬೈಲ್.

ಸ್ಥಿರ ದೂರವಾಣಿ ಇದೆಯಲ್ಲ ಎನ್ನುತ್ತೀರಿ. ಅದರ ನಂಬರು ಜಾಗಕ್ಕೆ ಸೇರಿದ್ದು. ನಾನು ಎಕ್ಸ್‌ಚೇಂಜಿನಲ್ಲಿ ಕರೆ ಜೋಡಿಸುವ ಬೋರ್ಡಿನ ಮುಂದೆ ಕುಳಿತಷ್ಟು ಕಾಲವೂ ಮನೆಗೆ, ಕಚೇರಿಗೆ, ಆಸ್ಪತ್ರೆಗೆ ಲೈನ್ ಕೊಟ್ಟೆನೇ ಹೊರತು ಮನುಷ್ಯನಿಗೆ ಕೊಡಲಿಲ್ಲ. ಆತ ಆ ಕೋಣೆಯಲ್ಲಿ ಇದ್ದರೆ ಪುಣ್ಯ. 1973ರ ಏಪ್ರಿಲ್ 3ರಂದು ನ್ಯೂಯಾರ್ಕಿನ ಬೀದಿಯಲ್ಲಿ ನಿಂತು ಮೋಟೊರೋಲಾ ಕಂಪನಿಯ ಮಾರ್ಟಿನ್ ಕೂಪರ್ ಕೈಯಲ್ಲಿ ಹಿಡಿಯುವ ಸೆಲ್ ಫೋನಿನಿಂದ ಮೊದಲ ಕರೆ ಮಾಡಿದರು. ಕರೆ ಹೋದದ್ದು ಮೋಟೊರೋಲಾದೊಡನೆ ಪೈಪೋಟಿಯಲ್ಲಿದ್ದ ಬೆಲ್ ಲ್ಯಾಬ್ಸ್ ಸಂಸ್ಥೆಯ ಜೋಯೆಲ್ ಎಂಗೆಲ್ ಅವರಿಗೆ. ಯಂತ್ರದ ತೂಕ ಒಂದು ಕಿಲೋಗಿಂತ ಹೆಚ್ಚು. ಕಾರಿನಲ್ಲಿ ಕೂರಿಸಿದ ಫೋನುಗಳು ಅದಕ್ಕೆ ಮೊದಲೇ ಇದ್ದವು, ಆದರೆ ಆ ನಂಬರು ಕಾರಿನದು. ನಂಬರು ವ್ಯಕ್ತಿಯದಾಗಬೇಕು ಎಂಬುದು ಕೂಪರ್ ಅವರ ಹಟ. ಹಾಗಾಗಬೇಕಾದರೆ ಫೋನು ಮೈಮೇಲೆ ಇರಬೇಕು. ಮೇಜಿನ ಮೇಲೆ ಬಿಟ್ಟ ಮೊಬೈಲ್ ಮತ್ತೆ ಮೇಜಿನ ಫೋನೇ. ನಮ್ಮ ಯಜಮಾನರ ನಲವತ್ತು ನಿಮಿಷ ನನಗೆ ಕಲಿಸಿದ್ದು ಅದನ್ನೇ.

ಈಗ ಅವರ ಕೊರಳಲ್ಲಿ ದಾರ ಪೋಣಿಸಿದ ಪುಟ್ಟ ಚೀಲ, ಅದರೊಳಗೆ ಬಟನ್ ಫೋನ್. ಒಂದು ಗುಂಡಿ ಒತ್ತಿ ಹಿಡಿದರೆ ನನಗೆ, ಇನ್ನೊಂದು ಒತ್ತಿದರೆ ಮೇಲಿನ ಮನೆಗೆ ಕರೆ ಹೋಗುತ್ತದೆ. ಬಚ್ಚಲಿನಲ್ಲಿ ಅದನ್ನು ತೂಗುಹಾಕಲು ಮೊಳೆ ಹೊಡೆಸಿದೆ. ಬಡಗಿ ಎಲ್ಲರ ಮನೆಯಂತೆ ತಲೆಯೆತ್ತರಕ್ಕೆ ಹೊಡೆಯಲು ಹೋದ. ಬೇಡಪ್ಪ, ಮೊಣಕಾಲಿನ ಎತ್ತರಕ್ಕೆ ಹೊಡೆ ಎಂದೆ. ಬಿದ್ದವರ ಕೈ ಅಲ್ಲಿಯವರೆಗೆ ಮಾತ್ರ ಎಟುಕುತ್ತದೆ.

‘ನಾನು ಬದುಕಿಲ್ಲವೇ’ ಎಂಬ ನಿಮ್ಮ ಮಾತಿಗೆ ಬರುತ್ತೇನೆ. ಬದುಕಿದ್ದೀರಿ, ನಿಜ. ಅಗತ್ಯ ಎಂದರೆ ಇಲ್ಲದಿದ್ದರೆ ಉಸಿರು ನಿಲ್ಲುವಂಥದ್ದು ಎಂದಷ್ಟೇ ಹಿಡಿದರೆ ಪಟ್ಟಿ ಬಹಳ ಚಿಕ್ಕದು. 1776ರಲ್ಲಿಯೇ ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್ ಈ ಪ್ರಶ್ನೆಯನ್ನು ನಾರುಬಟ್ಟೆಯ ಅಂಗಿಯ ಮೇಲೆ ಇಟ್ಟು ನೋಡಿದ್ದರು. ಗ್ರೀಕರೂ ರೋಮನರೂ ಅಂಥ ಅಂಗಿಯಿಲ್ಲದೆ ಸುಖವಾಗಿ ಬಾಳಿದರು. ಆದರೆ ಸ್ಮಿತ್ ಅವರ ಕಾಲಕ್ಕೆ ಯುರೋಪಿನ ಬಹುಭಾಗದಲ್ಲಿ ಅದಿಲ್ಲದೆ ಮಾನವಂತ ಕೂಲಿಯವನೊಬ್ಬ ನಾಲ್ಕು ಜನರ ಮುಂದೆ ಬರಲು ನಾಚುತ್ತಿದ್ದ. ಅದರಿಂದ ಅಂಗಿ ಅಗತ್ಯದ ವಸ್ತು ಎಂದು ಅವರು ಬರೆದರು. ಅಂಗಿ ಬದಲಾಗಿರಲಿಲ್ಲ, ಸುತ್ತಲಿನವರು ಬದಲಾಗಿದ್ದರು.

ಮೊಬೈಲಿನ ವಿಷಯದಲ್ಲಿ ನಡೆದದ್ದು ಇದಕ್ಕಿಂತ ಗಟ್ಟಿಯಾದದ್ದು. ಇಲ್ಲಿ ನಾಚಿಕೆ ಮಾತ್ರವಲ್ಲ, ಬೇರೆ ದಾರಿಗಳೇ ಮುಚ್ಚಿದವು. 2022ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ನಗರಾಡಳಿತ ತನಗೆ ಸೇರಿದ ಕೊನೆಯ ಸಾರ್ವಜನಿಕ ಫೋನನ್ನು ಬೀದಿಯಿಂದ ಕಿತ್ತಿತು. ಜನ ಮೊಬೈಲ್ ಕೊಂಡದ್ದರಿಂದ ಅದು ಬೇಡವಾಯಿತು. ಇಂಥ ಫೋನುಗಳು ಹೋದಷ್ಟೂ ಮೊಬೈಲ್ ಇಲ್ಲದವರಿಗೆ ದಾರಿ ಕಡಿಮೆಯಾಗುತ್ತದೆ. ಚೀಟಿ ಕೊಡುತ್ತಿದ್ದ ಕಿಟಕಿ ಮುಚ್ಚಿ ‘ಮೊಬೈಲಿಗೆ ಬಂದ ಸಂಖ್ಯೆ ಹೇಳಿ’ ಎನ್ನುವ ಪರದೆ ಬಂದದ್ದೂ ಇದೇ ರೀತಿಯಲ್ಲಿ. ನೀವು ಮೊಬೈಲ್ ಬೇಡವೆಂದದ್ದು ನಿಮ್ಮ ಆಯ್ಕೆ. ಆದರೆ ಕಿಟಕಿ ಮುಚ್ಚಿದವರು ನಿಮ್ಮನ್ನು ಕೇಳಲಿಲ್ಲ. ನನಗೆ ಸಿಟ್ಟು ಬರುವುದು ಇಲ್ಲಿ. ಹೀಗೆಯೇ ಆಗಬೇಕೆಂದೂ ಇರಲಿಲ್ಲ: ಆಸ್ಟ್ರೇಲಿಯಾದಲ್ಲಿ ಟೆಲ್ಸ್ಟ್ರಾ ಕಂಪನಿ 2021ರಲ್ಲಿ ತನ್ನ ಸಾರ್ವಜನಿಕ ಫೋನುಗಳನ್ನು ಕೀಳುವ ಬದಲು ಅವುಗಳಿಂದ ದೇಶದೊಳಗೆ ಮಾಡುವ ಸಾಮಾನ್ಯ ಕರೆಗಳನ್ನು ಉಚಿತ ಮಾಡಿತು.

ನಿಮ್ಮ ಮಗನಿಗೆ ಇನ್ನೊಂದು ಸಂಗತಿ ಓದಿ ಹೇಳಿ. 2018ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ಒಂದು ಪ್ರಕರಣ ಬಂದಿತ್ತು. ಒಬ್ಬ ಆರೋಪಿ 127 ದಿನ ಎಲ್ಲೆಲ್ಲಿ ಓಡಾಡಿದ ಎಂಬುದನ್ನು ಪೊಲೀಸರು ವಾರಂಟ್ ಇಲ್ಲದೆಯೇ ಫೋನ್ ಕಂಪನಿಯ ದಾಖಲೆಗಳಿಂದ ತೆಗೆದುಕೊಂಡಿದ್ದರು. 12,898 ಸಲ ಅವನ ಜಾಡು ದಾಖಲಾಗಿತ್ತು. ಟವರುಗಳೊಡನೆ ತಾನಾಗಿ ಸಂಪರ್ಕದಲ್ಲಿರುವುದು ಫೋನಿನ ಕೆಲಸ, ನಾವು ಕರೆ ಮಾಡದಿದ್ದರೂ ಅದು ನಡೆಯುತ್ತದೆ. ಇಂದಿನ ಸಮಾಜದಲ್ಲಿ ಪಾಲ್ಗೊಳ್ಳಲು ಮೊಬೈಲ್ ಅನಿವಾರ್ಯವಾಗಿರುವಾಗ, ಅದನ್ನು ಜೇಬಿನಲ್ಲಿ ಇಟ್ಟುಕೊಂಡದ್ದನ್ನೇ ‘ನನ್ನ ಜಾಡು ಹಿಡಿಯಲು ಒಪ್ಪಿದ್ದೇನೆ’ ಎಂದು ಅರ್ಥ ಮಾಡುವಂತಿಲ್ಲ ಎಂದಿತು ನ್ಯಾಯಾಲಯ. ನನಗೆ ಈ ತರ್ಕ ಬಹಳ ಹಿಡಿಸಿತು. ಒಂದು ವಸ್ತುವನ್ನು ಅಗತ್ಯ ಎಂದು ಕರೆದ ಕೂಡಲೇ, ಅದನ್ನು ಮಾರುವವರ ಮೇಲೆ, ಅದನ್ನು ಕೇಳುವವರ ಮೇಲೆ ಹೊಣೆ ಬೀಳುತ್ತದೆ. ಮೊಬೈಲ್ ಇಲ್ಲದೆ ಆಗುವುದಿಲ್ಲ ಎನ್ನುವ ಕಚೇರಿ, ಇಲ್ಲದವನ ಕೆಲಸ ಮಾಡಿಕೊಡುವ ಒಬ್ಬ ಮನುಷ್ಯನನ್ನೂ ಕೂರಿಸಬೇಕು.

ನೀವು ಬಟನ್ ಫೋನ್ ಒಂದನ್ನು ಕೊಂಡುಕೊಳ್ಳಿ, ಮೇಷ್ಟರೇ. ಕೊರಳಿಗೆ ಹಾಕಿಕೊಳ್ಳಿ. ಮೊಳೆಯನ್ನು ಮರೆಯಬೇಡಿ.

ಪ್ರಶ್ನೆ: ನನಗೆ ಕಣ್ಣು ಕಾಣುವುದಿಲ್ಲ. ನಿಮ್ಮ ಅಂಕಣವನ್ನು ನನ್ನ ಫೋನ್ ಓದಿ ಹೇಳುತ್ತದೆ. ‘ಮಿಕ್ಕಿದ್ದೆಲ್ಲ ಚಪಲ’ ಎಂಬ ಸಾಲನ್ನೂ ಅದೇ ಓದಿತು. ನಾನು ಒಬ್ಬಳೇ ಇರುತ್ತೇನೆ. ಮಾತ್ರೆಯ ಪಟ್ಟಿಯನ್ನು ಕ್ಯಾಮೆರಾ ಮುಂದೆ ಹಿಡಿದು, ಅದು ಬೆಳಗಿನದೋ ರಾತ್ರಿಯದೋ ಎಂದು ತಿಳಿದುಕೊಂಡು ನುಂಗುತ್ತೇನೆ. ಇದೂ ಚಪಲವೇ?

ಉತ್ತರ: ಅಲ್ಲ, ತಾಯಿ. ನಾನು ಬರೆದದ್ದು ತಪ್ಪು. ಆ ಸಾಲನ್ನು ಹಿಂತೆಗೆದುಕೊಳ್ಳುತ್ತೇನೆ. ಅದನ್ನು ನಿಮ್ಮ ಕಿವಿಗೆ ಬೀಳುವಂತೆ ಮಾಡಿದ್ದಕ್ಕೆ ಕ್ಷಮೆ ಕೇಳುತ್ತೇನೆ.

ನಿಮ್ಮ ಪತ್ರ ಬಂದ ಮೇಲೆ ನಾನೊಂದು ಪ್ರಯತ್ನ ಮಾಡಿದೆ. ನನ್ನ ಫೋನಿನಲ್ಲಿ ಟಾಕ್‌ಬ್ಯಾಕ್ ಚಾಲೂ ಮಾಡಿ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕುಳಿತೆ. ಬೆರಳು ಪರದೆಯ ಮೇಲೆ ಎಲ್ಲಿ ಸರಿದರೆ ಅಲ್ಲಿರುವುದನ್ನು ಅದು ಹೇಳುತ್ತದೆ. ಬೇಕಾದದ್ದು ಸಿಕ್ಕಾಗ ಎರಡು ಸಲ ತಟ್ಟಬೇಕು. ಒಂದು ಕರೆ ಮಾಡಲು ನನಗೆ ಹನ್ನೊಂದು ನಿಮಿಷ ಹಿಡಿಯಿತು, ಬೆವರು ಬಂತು. ಇದನ್ನು ಅಭ್ಯಾಸ ಮಾಡಿಕೊಂಡು ನಿಮ್ಮ ದಿನವನ್ನು ನೀವೇ ನಡೆಸಿಕೊಳ್ಳುತ್ತಿದ್ದೀರಿ. ಆಂಡ್ರಾಯ್ಡಿನ ಟಾಕ್‌ಬ್ಯಾಕ್, ಐಫೋನಿನ ವಾಯ್ಸ್‌ಓವರ್ ಎರಡೂ ಬಂದದ್ದು 2009ರಲ್ಲಿ. ಗುಂಡಿಗಳಿಲ್ಲದ ನುಣುಪು ಗಾಜಿನ ಫೋನ್ ಬಂದಾಗ, ಗುಂಡಿ ತಡವಿ ನಂಬರು ಒತ್ತುತ್ತಿದ್ದ ನಿಮ್ಮಂಥವರ ಕೈಯಿಂದ ಫೋನೇ ಜಾರಿಹೋಗುವ ಅಪಾಯವಿತ್ತು. ಆ ಗಾಜಿಗೆ ಮಾತು ಕಲಿಸಿದವರು ಅದನ್ನು ತಪ್ಪಿಸಿದರು.

ಕಿವಿ ಕೇಳದವರ ಬಗ್ಗೆಯೂ ಆಗಲೇ ಯೋಚಿಸಬೇಕಿತ್ತು ನಾನು. ಇಪ್ಪತ್ತೊಂಬತ್ತು ವರ್ಷದಲ್ಲಿ ಅವರಲ್ಲಿ ಒಬ್ಬರಿಗೂ ನಾನು ಲೈನ್ ಕೊಟ್ಟವಳಲ್ಲ. ನಮ್ಮ ಬೋರ್ಡಿನಲ್ಲಿ ಅವರಿಗೆ ಜಾಗವೇ ಇರಲಿಲ್ಲ. ಇವತ್ತು ಅವರು ವಿಡಿಯೋ ಕರೆಯಲ್ಲಿ ಕೈಸನ್ನೆಯಿಂದ ಮಾತನಾಡುವುದನ್ನು ಬಸ್ಸಿನಲ್ಲಿ ನೋಡಿದ್ದೇನೆ. ಒಬ್ಬ ಹುಡುಗಿ ಫೋನನ್ನು ಮುಂದಿನ ಸೀಟಿನ ಬೆನ್ನಿಗೆ ಒರಗಿಸಿ, ಎರಡೂ ಕೈ ಬಿಡಿಸಿಕೊಂಡು, ಮುಖವನ್ನೆಲ್ಲ ನಗುವಾಗಿಸಿಕೊಂಡು ಹೇಳುತ್ತಿದ್ದಳು. ಏನೆಂದು ನನಗೆ ತಿಳಿಯಲಿಲ್ಲ. ಅವಳ ಕೂಗಳತೆಯಲ್ಲಿ ಒಬ್ಬರಿದ್ದರು ಎಂಬುದಂತೂ ತಿಳಿಯಿತು.

ಪ್ರಶ್ನೆ: ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದೇನೆ. ಮನೆಪಾಠವನ್ನು ರಾತ್ರಿ ಒಂಬತ್ತಕ್ಕೆ ವಾಟ್ಸ್‌ಆಪ್ ಗುಂಪಿಗೆ ಹಾಕುತ್ತಾರೆ. ಅಪ್ಪ ಮೊಬೈಲ್ ಕೊಡಿಸುವುದಿಲ್ಲ. ಅವರ ಫೋನನ್ನು ಸಂಜೆ ಅರ್ಧ ಗಂಟೆ ಕೊಡುತ್ತಾರೆ. ಗೆಳತಿಯರೆಲ್ಲರ ಬಳಿಯೂ ಇದೆ. ಮೊಬೈಲ್ ನನಗೆ ಅಗತ್ಯವೆಂದು ನೀವು ಬರೆದರೆ ಅಪ್ಪನಿಗೆ ತೋರಿಸುತ್ತೇನೆ.

ಉತ್ತರ: ಮಗಳೇ, ನಿನ್ನ ಪತ್ರದಲ್ಲಿ ಎರಡು ನೋವಿವೆ. ಬೇರೆ ಬೇರೆ ನೋಡೋಣ.

ಮನೆಪಾಠದ ವಿಷಯದಲ್ಲಿ ನಿನ್ನ ಅಪ್ಪನಿಗೆ ತೋರಿಸುವ ಮೊದಲು ಈ ಪುಟವನ್ನು ನಿನ್ನ ತರಗತಿಯ ಶಿಕ್ಷಕರಿಗೆ ತೋರಿಸು. ಶಾಲೆಯ ಕೆಲಸ ಶಾಲೆಯಲ್ಲಿಯೇ ಮಕ್ಕಳ ಕೈಗೆ ಸಿಗಬೇಕು. ಗಂಟೆ ಹೊಡೆಯುವ ಮೊದಲು ಹಲಗೆಯ ಮೇಲೆ ಐದು ಸಾಲು ಬರೆದರೆ ಮುಗಿಯಿತು. ಫ್ರಾನ್ಸಿನಲ್ಲಿ 2018ರ ಕಾನೂನು ಹದಿನೈದು ವರ್ಷದವರೆಗಿನ ಮಕ್ಕಳು ಓದುವ ಶಾಲೆಗಳಲ್ಲಿ ಮೊಬೈಲ್ ಬಳಕೆಯನ್ನೇ ನಿಷೇಧಿಸಿತು. ಅಲ್ಲಿಯವರಿಗೂ ಮನೆಪಾಠ ಇದೆ.

ಎರಡನೆಯ ನೋವು ಗೆಳತಿಯರದು. ಅದನ್ನು ಸಣ್ಣದೆಂದು ನಾನು ಹೇಳುವುದಿಲ್ಲ. ರಾತ್ರಿ ಗುಂಪಿನಲ್ಲಿ ಏನೋ ಮಾತಾಗಿರುತ್ತದೆ, ಬೆಳಿಗ್ಗೆ ಎಲ್ಲರೂ ಅದಕ್ಕೆ ನಗುತ್ತಿರುತ್ತಾರೆ, ನೀನೊಬ್ಬಳು ಬೆಂಚಿನ ತುದಿಯಲ್ಲಿ ಕುಳಿತಿರುತ್ತೀಯೆ. ಆ ತುದಿಯಲ್ಲಿ ಕುಳಿತವರಿಗೇ ಗೊತ್ತು ಅದು. ಈ ಭಾಗ ನಿನ್ನ ಅಪ್ಪ ಓದಲಿ: ನಿಮ್ಮ ಮಗಳಿಗೆ ಸ್ವಂತ ಮೊಬೈಲ್ ಈಗಲೇ ಬೇಡ ಎಂಬ ನಿಮ್ಮ ತೀರ್ಮಾನ ನನಗೂ ಒಪ್ಪಿಗೆ. ಆದರೆ ನಡುಮನೆಯಲ್ಲಿ ಎಲ್ಲರ ಕಣ್ಣಿಗೆ ಕಾಣುವಂತೆ ಮನೆಗೊಂದು ಫೋನ್ ಇಡಿ. ರಾತ್ರಿ ಒಂಬತ್ತರಿಂದ ಒಂಬತ್ತೂವರೆ ಅವಳ ಪಾಳಿ. ಅವಳು ಏನು ಓದಿ ನಕ್ಕಳೆಂದು ಪ್ರತಿ ಸಲ ಹೋಗಿ ಇಣುಕಬೇಡಿ.

ಪ್ರಶ್ನೆ: ಮೇಲಧಿಕಾರಿ ರಾತ್ರಿ ಹನ್ನೊಂದಕ್ಕೂ ಕರೆ ಮಾಡುತ್ತಾರೆ. ಊರಿನಲ್ಲಿ ವಯಸ್ಸಾದ ಅಮ್ಮ ಇರುವುದರಿಂದ ಫೋನ್ ಆರಿಸಿಡಲು ಭಯ. ಏನು ಮಾಡಲಿ?

ಉತ್ತರ: ನಮ್ಮ ಎಕ್ಸ್‌ಚೇಂಜಿನಲ್ಲಿ ಪಾಳಿ ಮುಗಿದಾಗ ಹೆಡ್‌ಫೋನ್ ಕಳಚಿ ಮುಂದಿನವಳ ಕೈಗೆ ಕೊಟ್ಟು ಏಳುತ್ತಿದ್ದೆವು. ಕಿವಿಯ ಹಿಂದೆ ಅದರ ಗುರುತು ಮೂಡಿ ಉರಿಯುತ್ತಿತ್ತು, ಆದರೆ ಎದ್ದ ಮೇಲೆ ಯಾರ ಕರೆಯೂ ನಮ್ಮದಲ್ಲ. ನಿಮ್ಮ ಹೆಡ್‌ಫೋನನ್ನು ಯಾರೂ ತೆಗೆದುಕೊಳ್ಳುತ್ತಿಲ್ಲ. ಕಷ್ಟ ಇರುವುದು ಅಲ್ಲಿಯೇ. ಫ್ರಾನ್ಸಿನಲ್ಲಿ 2017ರ ಜನವರಿ 1ರಿಂದ, ಐವತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಕೆಲಸದ ನಂತರ ಸಂಪರ್ಕದಿಂದ ಹೊರಗುಳಿಯುವ ಹಕ್ಕಿನ ಬಗ್ಗೆ ನೌಕರರೊಂದಿಗೆ ಮಾತುಕತೆ ನಡೆಸಲೇಬೇಕು. ಇಂಥ ಕಾನೂನು ಎಲ್ಲ ಕಡೆಯೂ ಬರಬೇಕು. ಅದು ಬರುವವರೆಗೆ ಇಷ್ಟು ಮಾಡಿ: ಫೋನಿನ ‘ಡು ನಾಟ್ ಡಿಸ್ಟರ್ಬ್’ ವ್ಯವಸ್ಥೆಯಲ್ಲಿ ಅಮ್ಮನ ನಂಬರಿಗೆ, ಅವರ ಪಕ್ಕದ ಮನೆಯವರ ನಂಬರಿಗೆ ಮಾತ್ರ ವಿನಾಯಿತಿ ಕೊಡಿ. ಉಳಿದ ಕರೆಗಳು ಸದ್ದಿಲ್ಲದೆ ದಾಖಲಾಗುತ್ತವೆ. ಅದೇ ನಂಬರಿನಿಂದ ಕೆಲವೇ ನಿಮಿಷದಲ್ಲಿ ಎರಡನೆಯ ಸಲ ಕರೆ ಬಂದರೆ ಸದ್ದು ಮಾಡುವ ಆಯ್ಕೆಯೂ ಅಲ್ಲಿದೆ. ನಿಮ್ಮ ಮೇಲಧಿಕಾರಿಗೆ ಅದನ್ನು ಹೇಳಬೇಡಿ.

ಪ್ರಶ್ನೆ: ಕೆಲಸದ ಮೇಲೆ ಕಾಡಿನಂಚಿನಲ್ಲಿ ಓಡಾಡುತ್ತೇನೆ. ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮಧ್ಯಾಹ್ನಕ್ಕೇ ಬ್ಯಾಟರಿ ಖಾಲಿ. ಬೇಕಾದಾಗಲೇ ಕೈಕೊಡುವ ವಸ್ತುವನ್ನು ಅಗತ್ಯ ಎನ್ನುವುದು ಹೇಗೆ?

ಉತ್ತರ: ಬೇಕಾದಾಗ ಕೈಕೊಡದಂತೆ ನೋಡಿಕೊಳ್ಳಬಹುದು. ಫೋನಿನ ಸ್ವಭಾವ ತಿಳಿದಿರಬೇಕು ಅಷ್ಟೇ.

ಟವರ್ ದೂರವಾದಷ್ಟೂ ಫೋನ್ ಹೆಚ್ಚು ಶಕ್ತಿ ಸುರಿದು ಕೂಗುತ್ತದೆ. ಟವರೇ ಸಿಗದಿದ್ದರೆ ಹುಡುಕುತ್ತಲೇ ಇರುತ್ತದೆ. ನಿಮ್ಮ ಬ್ಯಾಟರಿ ಮಧ್ಯಾಹ್ನಕ್ಕೆ ಮುಗಿಯುವುದು ಇದರಿಂದ, ಮಾತಿನಿಂದಲ್ಲ. ಸಿಗ್ನಲ್ ಇಲ್ಲದ ಜಾಗವೆಂದು ತಿಳಿದಿದ್ದರೆ ಏರೋಪ್ಲೇನ್ ಮೋಡಿಗೆ ಹಾಕಿಬಿಡಿ. ಗುಡ್ಡದ ನೆತ್ತಿಗೆ ಬಂದಾಗ ತೆಗೆಯಿರಿ. ದಾರಿ ತೋರಿಸುವ ಜಿಪಿಎಸ್ಸಿಗೆ ಮೊಬೈಲ್ ಟವರ್ ಬೇಕಿಲ್ಲ. ಅದು ಸುಮಾರು 20,000 ಕಿಲೋಮೀಟರ್ ಮೇಲಿರುವ ಉಪಗ್ರಹಗಳ ಸಂಕೇತವನ್ನು ಕೇಳಿಸಿಕೊಂಡು ಲೆಕ್ಕ ಹಾಕುತ್ತದೆ. ನಕಾಶೆಯನ್ನು ಮಾತ್ರ ಮೊದಲೇ ಇಳಿಸಿಕೊಂಡಿರಬೇಕು.

ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಪರದೆಯ ಮೇಲೆ ‘ತುರ್ತು ಕರೆಗಳು ಮಾತ್ರ’ ಎಂದು ಬಂದರೆ, ಅಲ್ಲಿ ಬೇರೆ ಯಾವುದೋ ಕಂಪನಿಯ ಟವರ್ ಇದೆ ಎಂದು ಅರ್ಥ. ತುರ್ತು ಸಂಖ್ಯೆಗೆ ಅದು ದಾರಿ ಬಿಡುತ್ತದೆ. ಸಿಮ್ ಇಲ್ಲದ ಫೋನಿನಿಂದಲೂ ತುರ್ತು ಕರೆ ಹೋಗುತ್ತದೆ ಎಂದು ಹಲವರು ನಂಬಿದ್ದಾರೆ. ಅದು ದೇಶದಿಂದ ದೇಶಕ್ಕೆ ಬೇರೆ. ಜರ್ಮನಿಯಲ್ಲಿ ಸುಳ್ಳು ಕರೆಗಳ ಕಾಟದಿಂದ 2009ರಲ್ಲಿ ಸಿಮ್ ಕಡ್ಡಾಯವಾಯಿತು. ಹಾಗಾಗಿ ಸಿಮ್ ತೆಗೆದಿಟ್ಟ ಹಳೆಯ ಫೋನನ್ನು ನಂಬಿಕೊಂಡು ಹೊರಡಬೇಡಿ.

ಮಾತಿನ ಕರೆ ನಿಲ್ಲದ ಕಡೆಯೂ ಸಾದಾ ಎಸ್‌ಎಂಎಸ್ ಎಷ್ಟೋ ಸಲ ದಾಟಿಹೋಗುತ್ತದೆ. ಕರೆಗೆ ಲೈನ್ ಹರಿಯದೆ ನಿಂತಿರಬೇಕು. ಸಂದೇಶಕ್ಕೆ ಒಂದು ಗಳಿಗೆಯ ಸಿಗ್ನಲ್ ಸಾಕು. ಪಡೆಯುವವರ ಫೋನ್ ಆರಿದ್ದರೆ ಅದು ಕೇಂದ್ರದಲ್ಲಿ ಕಾದಿದ್ದು ಆಮೇಲೆ ತಲುಪುತ್ತದೆ. ಒಂದು ಎಸ್‌ಎಂಎಸ್ಸಿನಲ್ಲಿ ಇಂಗ್ಲಿಷಿನ 160 ಅಕ್ಷರ ಹಿಡಿಸಿದರೆ ಕನ್ನಡಕ್ಕೆ ಸಿಗುವುದು 70 ಮಾತ್ರ. ಗುಣಿತದ ಗುರುತು, ಒತ್ತು ಕೊಡುವ ಗುರುತು ಎಲ್ಲವೂ ಒಂದೊಂದಾಗಿ ಲೆಕ್ಕಕ್ಕೆ ಬರುತ್ತವೆ. ನಮಗೆ ಎರಡಕ್ಷರವಾಗಿ ಕಾಣುವ ‘ಕೂಗು’ ಅದರ ಲೆಕ್ಕದಲ್ಲಿ ನಾಲ್ಕು. ಎಪ್ಪತ್ತು ದಾಟಿದರೆ ಸಂದೇಶ ತುಂಡಾಗಿ ಹೋಗುತ್ತದೆ, ದುರ್ಬಲ ಸಿಗ್ನಲಿನಲ್ಲಿ ಒಂದು ತುಂಡು ತಲುಪದೆ ಉಳಿಯಬಹುದು.

ಆದ್ದರಿಂದ ಚಿಕ್ಕದಾಗಿ ಬರೆದು ಮೊದಲೇ ಉಳಿಸಿಟ್ಟುಕೊಳ್ಳಿ. ನಮ್ಮ ಯಜಮಾನರ ಬಟನ್ ಫೋನಿನಲ್ಲಿ ನಾನು ಉಳಿಸಿಟ್ಟ ಸಂದೇಶ ‘ಬಿದ್ದಿದ್ದೇನೆ. ಬನ್ನಿ.’ ಚುಕ್ಕಿ, ನಡುವಿನ ಜಾಗ ಎಲ್ಲ ಸೇರಿ ಇಪ್ಪತ್ತು. ನಿಮ್ಮದರಲ್ಲಿ ಇನ್ನೂ ಐವತ್ತಕ್ಕೆ ಜಾಗವಿದೆ. ಯಾವ ದಾರಿಯಲ್ಲಿ ಹೊರಟಿದ್ದೀರಿ ಎಂಬುದನ್ನು ಪ್ರತಿದಿನ ಬೆಳಿಗ್ಗೆ ಅದರಲ್ಲಿ ಸೇರಿಸಿ.